ಬೀಡಿ ರೀಲು

ನಾನು ಒಂದು ರೀಲು. ಹದಿಮೂರು ರೀಲುಗಳ ಒಂದು ಕುದುರೆ ಪಿಕ್ಚರಿನಲ್ಲಿ ಹನ್ನೆರಡನೆಯವನು. ಸಾವಿರ ಅಡಿ ಉದ್ದ, ಹನ್ನೊಂದು ನಿಮಿಷ ಆಯಸ್ಸು. ಡಬ್ಬದ ಮೇಲೆ ನಂಬರು ಬಿಟ್ಟರೆ ನನಗೆ ಹೆಸರಿರಲಿಲ್ಲ. ಆದರೆ ಊರೂರಿನ ಟಾಕೀಸಿನ ಆಪರೇಟರುಗಳು ಸೇರಿ ಒಂದು ಹೆಸರಿಟ್ಟಿದ್ದರು: ಬೀಡಿ ರೀಲು. ನಾನು ಪರದೆಗೆ ಬಂದ ತಕ್ಷಣ ಜನ ಬೀಡಿ ಸೇದಲು ಎದ್ದು ಹೋಗುತ್ತಿದ್ದರು, ಅದಕ್ಕೆ. ನನಗೇನೂ ನಾಚಿಕೆಯಿಲ್ಲ. ನಾಚಿಕೆಪಡಬೇಕಾದವರು ಎದ್ದು ಹೋದವರು.

ಹುಟ್ಟಿದ್ದು ಸಮುದ್ರದಾಚೆ, ಒಂದು ಕತ್ತಲೆ ಕೋಣೆಯಲ್ಲಿ, ಔಷಧಿ ನೀರಿನ ತೊಟ್ಟಿಯೊಳಗೆ. ತೊಳೆದು, ಒಣಗಿಸಿ, ಸುತ್ತಿ ಡಬ್ಬಕ್ಕೆ ಹಾಕಿದರು. ನನ್ನ ಒಡಹುಟ್ಟಿದವರ ಅದೃಷ್ಟ ಕೇಳಬೇಡಿ. ಮೂರನೆಯವನಿಗೆ ಹಾಡು, ಐದನೆಯವನಿಗೆ ಹೊಡೆದಾಟ, ಎಂಟನೆಯವನಿಗೆ ನದಿ ದಾಟುವ ಕುದುರೆಗಳು. ಹದಿಮೂರನೆಯವನಿಗಂತೂ ಆರು ಹೆಣ. ನನ್ನ ಪಾಲಿಗೆ ಬಂದದ್ದು ಒಂದು ಮರದ ಬೆಂಚು.

ನನ್ನೊಳಗೆ ಏನಿದೆ ಅಂತ ಹೇಳಿಬಿಡುತ್ತೇನೆ, ಕೇಳಿ. ಒಂದು ಒಣ ಊರು. ಊರ ತಲೆಗೆ ಒಂದು ಮುಚ್ಚಿಹೋದ ಬೆಳ್ಳಿ ಗಣಿ, ಗಣಿಯ ಬಾಯಿಯ ಮೇಲೆ ಮರದ ಗೋಪುರ. ಮುಚ್ಚಿದ ಅಂಗಡಿಯ ಮುಂದೆ ಬೆಂಚಿನ ಮೇಲೆ ಒಬ್ಬ ಮನುಷ್ಯ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ ಈಗ ಅವನನ್ನು ಕೊಲ್ಲಲು ಬರುತ್ತಿದ್ದಾನೆ. ಓಡಿಹೋಗಬಹುದು, ಹೋಗುವುದಿಲ್ಲ. ಕಾಯುತ್ತಾನೆ. ಒಂದು ಬಡಕಲು ನಾಯಿ ಬಂದು ಅವನ ಬೂಟು ಮೂಸಿ ನೋಡಿ ಹೋಗುತ್ತದೆ. ಬಾಗಿಲೊಂದು ಕಿರ್ ಅನ್ನುತ್ತದೆ. ಗೋಪುರದ ನೆರಳು ಬೀದಿಯ ಆಚೆಯಿಂದ ಈಚೆಗೆ ಇಂಚಿಂಚಾಗಿ ಬರುತ್ತದೆ. ಕೊನೆಗೆ ಆ ನೆರಳು ಅವನ ಬೂಟಿನ ತುದಿ ಮುಟ್ಟಿದಾಗ ಗಾಳಿ ಎದ್ದು, ಗಣಿಯ ಹಳೇ ಸೀಟಿಯೊಳಗೆ ನುಗ್ಗಿ, ಯಾರೂ ಊದದೆ ಅದು ತಾನೇ ಕೂಗುತ್ತದೆ. ಉದ್ದಕ್ಕೆ, ಒಂದೇ ಸಲ. ಆಗ ಅವನು ಟೋಪಿ ಹಾಕಿಕೊಂಡು ಏಳುತ್ತಾನೆ. ಅಷ್ಟೇ. ಹನ್ನೊಂದು ನಿಮಿಷದಲ್ಲಿ ನಡೆಯುವುದು ಇಷ್ಟು.

ಹಡಗಿನಲ್ಲಿ ಮದರಾಸಿಗೆ ಬಂದು, ಅಲ್ಲಿಂದ ಊರೂರು ಅಲೆದೆ. ಬೆಂಗಳೂರಿನ ದಂಡಿನ ಕಡೆ ನಾನು ಬಂದಾಗ ಅರ್ಧ ಟಾಕೀಸು ಖಾಲಿ. ಇನ್ನೊಂದು ಊರಲ್ಲಿ ಬಾಲ್ಕನಿಯಿಂದ ಒಬ್ಬ, "ಲೇ ಆಪರೇಟರ್, ರೀಲು ಸಿಕ್ಕಾಕ್ಕೊಂಡಿದೆ ನೋಡೋ!" ಅಂತ ಕಿರುಚಿದ. ಸಿಕ್ಕಿಕೊಂಡಿರಲಿಲ್ಲ ಮಹರಾಯ, ಆ ಮನುಷ್ಯ ಕಾಯುತ್ತಿದ್ದ. ಎರಡು ಕಡೆ ನನಗೆ ಕತ್ತರಿಯನ್ನೂ ಹಾಕಿದರು. ಶೋ ಬೇಗ ಬಿಡಬೇಕಾದರೆ ಟಾಕೀಸಿನವರು ನಿಧಾನದ ರೀಲನ್ನು ನಡುವೆ ಕತ್ತರಿಸಿ ತೆಗೆದಿಟ್ಟು, ಪೆಟ್ಟಿಗೆ ವಾಪಸು ಕಳಿಸುವಾಗ ಮತ್ತೆ ಅಂಟಿಸಿ ಕಳಿಸುತ್ತಿದ್ದರು. ಅದು ಎಲ್ಲ ಕಡೆಯೂ ಇದ್ದ ಪದ್ಧತಿ. ಆ ಗಾಯದ ಗುರುತು ಇವತ್ತಿಗೂ ನನ್ನ ಮೈಮೇಲಿದೆ.

ಹೀಗೆ ಅಲೆಯುತ್ತಾ ಕೆಂಗುಂಟೆಗೆ ಬಂದೆ. ಬರಬಾರದಿತ್ತು.

ಕೆಂಗುಂಟೆ ಚಿನ್ನದ ಗಣಿಯ ಊರು. ಎಲ್ಲಿ ನಿಂತು ನೋಡಿದರೂ ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರ ಕಾಣುತ್ತಿತ್ತು. ಆ ಊರಿನ ದಿನವನ್ನು ನಡೆಸುತ್ತಿದ್ದುದು ಗಣಿಯ ಸೈರನ್ನು. ಅದಕ್ಕೆ ಅವರು "ಕೂಗು" ಅನ್ನುತ್ತಿದ್ದರು. ಒಂದೂವರೆಗೆ ಮೊದಲ ಕೂಗು: ಮಧ್ಯಾಹ್ನದ ಪಾಳಿಯವರು ಮನೆ ಬಿಡಬೇಕು. ಎರಡಕ್ಕೆ ಎರಡನೇ ಕೂಗು: ಅಷ್ಟು ಹೊತ್ತಿಗೆ ಆಳಕ್ಕೆ ಇಳಿಸುವ ಕಬ್ಬಿಣದ ತೊಟ್ಟಿಲಿನಲ್ಲಿ ನಿಂತಿರಬೇಕು. ಇನ್ನೊಂದಿತ್ತು, ದೊಡ್ಡ ಕೂಗು. ಅದು ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ. ಅದರ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಮೊದಲ ಕೂಗಾದಾಗ ಆ ಊರಿನ ಹೆಂಗಸರು ಗಂಡಸರಿಗೆ "ಹೋಗಿ" ಅನ್ನುತ್ತಿರಲಿಲ್ಲ. ಗಣಿಗೆ ಇಳಿಯುವವನಿಗೆ ಹೋಗು ಅನ್ನಬಾರದಂತೆ. "ಏಳಿ, ಕೂಗಾಯ್ತು" ಅನ್ನುತ್ತಿದ್ದರು. ಅಷ್ಟೇ ಮಾತು. ಉಣ್ಣುತ್ತಿದ್ದವನು ಕೈ ತೊಳೆದು ಏಳುತ್ತಿದ್ದ.

ಟಾಕೀಸಿನ ಮಾಲೀಕರು ಪದ್ಮನಾಭ ಶೆಟ್ಟರು. ಬೆಳಗಿನ ಆಟವನ್ನು ಅವರು ಮಧ್ಯಾಹ್ನದ ಪಾಳಿಯವರಿಗೆಂದೇ ಇಟ್ಟಿದ್ದರು. ಹತ್ತೂ ಮುಕ್ಕಾಲಿಗೆ ಶುರು, ಒಂದು ಇಪ್ಪತ್ತಕ್ಕೆ ಬಿಡಬೇಕು. ಆಪರೇಟರು ಸವರಿಯಪ್ಪ. ಮೂವತ್ತರ ಆಸುಪಾಸು, ಒಣಕಲು ಆಳು, ಬೆರಳ ತುದಿಯೆಲ್ಲ ಮೆಷಿನ್ನಿನ ದೀಪ ಉರಿಸುವ ಕಾರ್ಬನ್ ಕಡ್ಡಿಯ ಮಸಿ. ಅವನು ಶುಕ್ರವಾರ ನನ್ನನ್ನು ಮೆಷಿನ್ನಿಗೆ ಏರಿಸಿದಾಗ, ಈ ಊರಿನವರೂ ಇನ್ನೇನು ಬೀಡಿಗೆ ಏಳುತ್ತಾರೆ ಬಿಡು ಅಂದುಕೊಂಡೆ.

ಒಬ್ಬನೂ ಏಳಲಿಲ್ಲ.

ನನಗೆ ಗಾಬರಿಯೇ ಆಯಿತು. ಮುನ್ನೂರು ಜನ ಗಣಿ ಕೆಲಸದವರು ಉಸಿರು ಬಿಗಿ ಹಿಡಿದು ಕೂತಿದ್ದರು. ಹೊತ್ತಿಸಿದ ಬೀಡಿ ಬೆರಳ ಸಂದಿಯಲ್ಲೇ ಆರಿಹೋಗುತ್ತಿತ್ತು. ಬಾಗಿಲು ಕಿರ್ ಅಂದಾಗ ಮುನ್ನೂರು ತಲೆ ಒಟ್ಟಿಗೆ ಅತ್ತ ತಿರುಗಿದವು. ನನಗೆ ಆಮೇಲೆ ತಿಳಿಯಿತು, ಅದು ಅವರ ಕಸುಬು. ಆಳದಲ್ಲಿ ಬಂಡೆ ಸಿಡಿಯುವ ಮುಂಚೆ ಮಾತಾಡುತ್ತದಂತೆ, ಚಿಟ್ ಅಂತ, ಟಕ್ ಅಂತ. ಕೆಲಸ ನಿಲ್ಲಿಸಿ, ದೀಪ ತಗ್ಗಿಸಿ, ಕಿವಿಗೊಟ್ಟು ನಿಲ್ಲಬೇಕು. ಏನೂ ನಡೆಯದ ಹೊತ್ತಿನಲ್ಲೇ ಎಲ್ಲ ನಡೆಯುತ್ತಿರುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಟ್ಟಣದ ಪಂಡಿತರಿಗೆ ಬೇಜಾರಾದ ನನ್ನನ್ನು ಅವರು ಮೊದಲ ನೋಟಕ್ಕೇ ಅರ್ಥ ಮಾಡಿಕೊಂಡರು. ಹೇಳುತ್ತೇನೆ ಕೇಳಿ, ಜನ್ಮದಲ್ಲಿ ಮೊದಲ ಬಾರಿಗೆ ನಾನು ಖುಷಿಯಾಗಿ ಓಡಿದೆ.

ಅವತ್ತು ಆಟ ಬಿಟ್ಟ ಮೇಲೆ ಒಬ್ಬ ಆಪರೇಟರ್ ರೂಮಿಗೇ ಹತ್ತಿಬಂದ. ಪಿಳ್ಳಣ್ಣ ಅಂತ, ಸವರಿಯಪ್ಪನ ಗೆಳೆಯ. ಗಣಿಯ ಆಳದಲ್ಲಿ ನೀರೆತ್ತುವ ಪಂಪಿನ ಕೆಲಸ. ಬೆಳಗಿನ ಪಾಳಿಯವನಾದರೂ ಅವತ್ತು ರಜೆ ಹಾಕಿ ಬಂದಿದ್ದ.

"ಸವರಿ, ಆ ನೆರಳು ನೋಡಿದ್ಯಾ? ಅದು ಬೂಟು ಮುಟ್ಟೋವಾಗ ನನ್ನ ಕಾಲು ಹಿಂದಕ್ಕೆ ಎಳ್ಕೊಂಡೆ ಕಣೋ! ಕೂಗಾಯ್ತಲ್ಲ, ಆಗ ಮೈಯೆಲ್ಲ ಝುಂ ಅಂತು. ನಮ್ಮ ಗಣಿ ಕೂಗೇ, ಹಂಗೇ ಐತೆ."

"ಬಾಯಿ ಮುಚ್ಕೊಂಡು ನೋಡ್ದೆ ಅಂದ್ರೆ ನಂಬಲ್ಲ ನಾನು," ಅಂದ ಸವರಿಯಪ್ಪ.

"ನಮ್ಮ ಭಾವನ್ನ ಕಳಿಸ್ತೀನಿ. ಒಂದು ಇಂಚೂ ಬಿಡದೆ ತೋರಿಸ್ಬೇಕು. ಮಾತು ಕೊಡು."

ಸವರಿಯಪ್ಪ ಮಾತು ಕೊಟ್ಟ. ಪಿಳ್ಳಣ್ಣ ಇಳಿದುಹೋಗುವಷ್ಟರಲ್ಲಿ ಶೆಟ್ಟರು ಏದುಸಿರು ಬಿಡುತ್ತಾ ಹತ್ತಿಬಂದರು.

"ಏನಯ್ಯ, ಬಿಟ್ಟಾಗ ಒಂದು ಇಪ್ಪತ್ತೆಂಟು! ನನ್ನ ಟಾಕೀಸು ಬಿಡೋದು ನೋಡಿ ಈ ಜನ ಪಾಳಿಗೆ ನಡೀತಾರೆ. ಊರಿಗೆಲ್ಲ ಗಡಿಯಾರ ಇದ್ದಂಗೆ ಅದು. ಆ ಹನ್ನೆರಡನೇದರಲ್ಲಿ ಏನೈತೆ? ಎಂಟು ನಿಮಿಷ ತೆಗೆದು ಬಿಸಾಕು. ಕಳಿಸೋವಾಗ ಅಂಟಿಸಿದ್ರಾಯ್ತು."

"ಆಯ್ತು ಸೋಮಿ," ಅಂದ ಸವರಿಯಪ್ಪ.

ಕತ್ತರಿ ಎತ್ತಿಕೊಂಡ. ನನ್ನನ್ನು ಬಿಚ್ಚಿ ಬೆಳಕಿಗೆ ಹಿಡಿದ. ನಾಯಿ ಇತ್ತು, ಬಾಗಿಲಿತ್ತು, ನೆರಳಿತ್ತು. ಎಲ್ಲಿಂದ ಕತ್ತರಿಸೋದು? ಆಮೇಲೆ ಕತ್ತರಿ ಕೆಳಗಿಟ್ಟು, ಜಾಹೀರಾತಿನ ಸ್ಲೈಡುಗಳಲ್ಲಿ ನಾಲ್ಕನ್ನು ಎತ್ತಿ ಡ್ರಾಯರಿಗೆ ಹಾಕಿದ, ಇಂಟರ್ವಲ್ಲಿನ ಗಂಟೆಯನ್ನು ಎರಡು ನಿಮಿಷ ಮೊದಲೇ ಬಾರಿಸತೊಡಗಿದ. ಮರುದಿನದಿಂದ ಆಟ ಒಂದು ಇಪ್ಪತ್ತೆರಡಕ್ಕೆ ಬಿಟ್ಟಿತು. ಕತ್ತರಿಸಿದೆಯಾ ಅಂತ ಶೆಟ್ಟರು ಕೇಳಿದ್ದಕ್ಕೆ "ಹೂಂ" ಅಂತ ರೀಲು ಬಿಟ್ಟ. ನನಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತು ಅಂದರೆ, ಆ ಪ್ರೀತಿ ನೆನೆದರೆ ಈಗ ನನಗೆ ಭಯವಾಗುತ್ತದೆ.

ಬುಧವಾರ ಪಿಳ್ಳಣ್ಣನ ಭಾವ ಬಂದ. ದ್ಯಾವಪ್ಪ. ದಪ್ಪ ಮೀಸೆ, ಮೆದು ಮಾತು. ಪಿಳ್ಳಣ್ಣನ ಅಕ್ಕ ಲಚ್ಚಮ್ಮನ ಗಂಡ, ಅದೇ ಪಂಪಿನ ಮಧ್ಯಾಹ್ನದ ಪಾಳಿಯವನು. ಆ ಪಂಪಿಗೆ ಒಂದು ಕಟ್ಟಳೆಯಿತ್ತು. ಮುಂದಿನ ಪಾಳಿಯವನು ಬಂದು ಹಿಡಿಕೆಯ ಮೇಲೆ ಕೈ ಇಡುವವರೆಗೂ ಹಿಂದಿನವನು ಕೈ ತೆಗೆಯುವಂತಿಲ್ಲ. ದಿನಾ ಎರಡು ಗಂಟೆಗೆ ಭಾವನ ಕೈ ಬಿದ್ದ ಮೇಲೆ ಭಾವಮೈದುನ ಮೇಲೆ ಬರುತ್ತಿದ್ದ. ಹಿಂದಿನ ದಿನ ಹಿಡಿಕೆ ಬದಲಾಯಿಸುವಾಗ ಪಿಳ್ಳಣ್ಣ ಹೇಳಿದ್ದನಂತೆ: "ನಡುವೆ ಎದ್ದು ಬರಬೇಡ ಭಾವ. ಆ ಕೂಗು ಕೇಳಿಯೇ ಬಾ. ಒಂದೇ ಸಲ ಕೂಗುತ್ತೆ. ನಾನಿರ್ತೀನಿ ಇಲ್ಲಿ." ಬೆಳಿಗ್ಗೆ ಮನೆ ಬಿಡುವಾಗ ಲಚ್ಚಮ್ಮ, "ಇವತ್ತೇ ಹೋಗ್ಬೇಕಾ? ಭಾನುವಾರ ನೋಡಿದ್ರೆ ಆಗಲ್ವಾ?" ಅಂದಿದ್ದಳಂತೆ. ಇದನ್ನೆಲ್ಲ ದ್ಯಾವಪ್ಪ ಆಮೇಲೆ ನೂರು ಸಲ ಹೇಳಿ ಅತ್ತ.

ಅವತ್ತು ಆರನೇ ರೀಲಿನಲ್ಲಿ ಕರೆಂಟು ಹೋಯಿತು. ಹೋದದ್ದು ಬೇಗ ಬರಲಿಲ್ಲ. ಜನ ಸೀಟಿ ಹೊಡೆದರು, ಬಯ್ದರು, ಶೆಟ್ಟರ ವಂಶವನ್ನೆಲ್ಲ ವಿಚಾರಿಸಿಕೊಂಡರು. ಇಪ್ಪತ್ತು ನಿಮಿಷದ ಮೇಲಾಯಿತು. ಕರೆಂಟು ಬಂದಾಗ ಸವರಿಯಪ್ಪ ಗಡಿಯಾರ ನೋಡಿದ, ಆಮೇಲೆ ನನ್ನನ್ನು ನೋಡಿದ. ಈಗ ಎಂಟು ನಿಮಿಷ ತೆಗೆದರೆ ಸ್ವಲ್ಪವಾದರೂ ಸರಿಹೋಗುತ್ತದೆ. ಕತ್ತರಿ ಕೈಗೆ ಬಂತು. ಗೋಡೆಯ ಕಿಂಡಿಯಿಂದ ಕೆಳಗೆ ನೋಡಿದ. ಮೂರನೇ ಸಾಲಿನಲ್ಲಿ ದ್ಯಾವಪ್ಪ ಬುತ್ತಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಪರದೆ ನೋಡುತ್ತಿದ್ದ, ಟೋಪಿಯವನು ಟೋಪಿ ಇಟ್ಟುಕೊಂಡಂತೆ.

"ಮೊದಲ ಕೂಗು ಕೇಳಿಸುತ್ತಲ್ಲ," ಅಂತ ಸವರಿಯಪ್ಪ ತನಗೆ ತಾನೇ ಹೇಳಿಕೊಂಡ. "ಹೋಗೋರು ಎದ್ದು ಹೋಗ್ತಾರೆ."

ಅವನ ಲೆಕ್ಕ ತಪ್ಪಿರಲಿಲ್ಲ. ಕತ್ತರಿ ಕೆಳಗಿಟ್ಟ.

ನಾನು ಮೆಷಿನ್ನು ಹತ್ತಿದಾಗ ಒಂದೂ ಇಪ್ಪತ್ತನಾಲ್ಕು. ಟೋಪಿಯವನು ಕೂತ. ನಾಯಿ ಬಂತು, ಹೋಯಿತು. ಟಾಕೀಸಿನಲ್ಲಿ ಸದ್ದಿಲ್ಲ. ನೆರಳು ಬೀದಿಯ ನಡುವೆ ಬಂದಿತ್ತು. ಆಗ ಒಂದು ಕೂಗಾಯಿತು. ಉದ್ದಕ್ಕೆ, ದೂರದಿಂದ.

ಅದು ನನ್ನ ಕೂಗಲ್ಲ! ನೆರಳು ಇನ್ನೂ ಬೂಟು ಮುಟ್ಟಿಲ್ಲ, ನನ್ನ ಕೂಗಿಗೆ ಇನ್ನೂ ನಾಲ್ಕು ನಿಮಿಷ ಇದೆ. ಗಣಿ ಕೂಗುತ್ತಿದೆ, ಏಳ್ರಯ್ಯ, ಏಳಿ ಅಂತ ಬಡಕೊಳ್ಳಬೇಕು ಅನ್ನಿಸಿತು. ನನಗೆ ಬಾಯಿ ಎಲ್ಲಿದೆ? ನನ್ನ ಅಂಚಿನಲ್ಲಿ ಬರೆದಿಟ್ಟ ಸದ್ದು ಬಿಟ್ಟು ಬೇರೆ ಸದ್ದು ಮಾಡಲು ನನಗೆ ಬರುವುದಿಲ್ಲ. ಮೆಷಿನ್ನಿನ ಗಡಗಡದಲ್ಲಿ ಸವರಿಯಪ್ಪನಿಗೆ ಅದು ಕೇಳಿಸಲಿಲ್ಲ. ಕೆಳಗಿದ್ದವರಿಗೆ ಕೇಳಿಸಿತು. ಎಲ್ಲರಿಗೂ ಚೆನ್ನಾಗಿ ಕೇಳಿಸಿತು. ಪರದೆಯ ಮೇಲೆ ಗಣಿಯ ಗೋಪುರ ಇತ್ತು, ಗಣಿ ಕೂಗಿತು, ಮೈ ಝುಂ ಅಂತು. ಮುನ್ನೂರು ಜನರಲ್ಲಿ ಒಬ್ಬನೂ ಏಳಲಿಲ್ಲ.

ನಾಲ್ಕು ನಿಮಿಷ ಬಿಟ್ಟು ನನ್ನ ಕೂಗಾಯಿತು. ಟೋಪಿಯವನು ಎದ್ದ. ದ್ಯಾವಪ್ಪ ಪಕ್ಕದವನ ಕಡೆ ತಿರುಗಿ, "ಎರಡು ಸಲನಾ? ನಮ್ಮ ಪಿಳ್ಳ ಒಂದೇ ಸಲ ಅಂದಿದ್ದ," ಅಂದ.

"ಸುಮ್ನೆ ನೋಡಯ್ಯ, ಈಗ ಶುರುವಾಗುತ್ತೆ," ಅಂದ ಪಕ್ಕದವನು.

ಹದಿಮೂರನೆಯವನು ತನ್ನ ಆರು ಹೆಣ ಬೀಳಿಸಿದ. ಆಟ ಬಿಟ್ಟಿತು. ಹೊರಗೆ ಬಿಸಿಲಿಗೆ ಬಂದು ಗೋಪುರದ ನೆರಳು ಬಿದ್ದ ಜಾಗ ನೋಡಿದ ಮೇಲೆ ದ್ಯಾವಪ್ಪನಿಗೆ ಹೊತ್ತು ಮೀರಿದೆ, ಮೊದಲು ಕೇಳಿದ ಕೂಗು ಗಣಿಯದೇ ಅಂತ ಹೊಳೆಯಿತು. ಓಡಿದ. ದಾರಿಯಲ್ಲೇ ಎರಡನೇ ಕೂಗಾಯಿತು. ಅವನು ಗಣಿಯ ಬಾಯಿ ಮುಟ್ಟುವ ಹೊತ್ತಿಗೆ ತೊಟ್ಟಿಲು ಇಳಿದುಹೋಗಿತ್ತು. ಅದು ಮತ್ತೆ ಮೇಲೆ ಬರುವುದಕ್ಕೆ ಕಾಯುತ್ತಾ ನಿಂತ.

ಎರಡು ಹತ್ತಕ್ಕೆ ಕೆಂಗುಂಟೆಯ ನೆಲ ಒಂದು ಸಲ ಅದುರಿತು. ಆಪರೇಟರ್ ರೂಮಿನ ಹಲಗೆಯ ಮೇಲಿಂದ ನನ್ನ ಡಬ್ಬ ಬಿದ್ದು, ಮುಚ್ಚಳ ಉರುಳಿಕೊಂಡು ಸವರಿಯಪ್ಪನ ಕಾಲ ಬಳಿ ನಿಂತಿತು. ಒಂದು ಗಳಿಗೆ ಊರೆಲ್ಲ ಗಪ್ಪಾಯಿತು. ಆಮೇಲೆ ದೊಡ್ಡ ಕೂಗು ಶುರುವಾಯಿತು.

ಆಳದಲ್ಲಿ ಬಂಡೆ ಸಿಡಿದಿತ್ತು. ಪಂಪಿನ ಹತ್ತಿರ ಇದ್ದವನು ಒಬ್ಬನೇ. ಮೂರನೇ ದಿನ ಸಿಕ್ಕಾಗ ಪಿಳ್ಳಣ್ಣನ ಕೈ ಹಿಡಿಕೆಯ ಮೇಲೇ ಇತ್ತಂತೆ.

ಸಮಾಧಾನ ಹೇಳಲು ಬಂದವರು ದ್ಯಾವಪ್ಪನಿಗೆ, "ನೀನು ಹೊತ್ತಿಗೆ ಸರಿಯಾಗಿ ಇಳಿದಿದ್ರೆ ನೀನೇ ಹೋಗಿರ್ತಿದ್ದೆ. ದೇವರು ಉಳಿಸಿದ," ಅಂದರಂತೆ. ಹನ್ನೊಂದನೇ ದಿನದ ಕರ್ಮ ಮುಗಿಸಿ ಅವನು ನೇರ ಆಪರೇಟರ್ ರೂಮಿಗೆ ಬಂದ. ತಲೆ ಬೋಳಿಸಿತ್ತು, ಮೀಸೆ ಇರಲಿಲ್ಲ. ಬಂಡೆ ಸಿಡಿದ ದಿನದಿಂದ ಟಾಕೀಸು ಮುಚ್ಚಿತ್ತು, ನಮ್ಮ ಪೆಟ್ಟಿಗೆ ಇನ್ನೂ ವಾಪಸು ಹೋಗಿರಲಿಲ್ಲ.

"ಎರಡು ಕೂಗಾಯ್ತು ಸವರಿ. ಒಂದು ನಮ್ದು," ಅಂದ. "ಅದನ್ನ ಸುಟ್ಟುಬಿಡು."

ಸವರಿಯಪ್ಪ ಬೆಂಕಿಪೊಟ್ಟಣ ತೆಗೆದ. ನನಗೆ ಸಾಯಲು ಅಷ್ಟೇನೂ ಬೇಸರವಿರಲಿಲ್ಲ, ನಿಜ ಹೇಳುತ್ತೇನೆ. ಆದರೆ ಅವನು ಗೀರಿದ ಮೂರು ಕಡ್ಡಿಯೂ ಮುರಿದವು. ಪೊಟ್ಟಣ ಎಸೆದು, ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. "ಶೆಟ್ಟರು ಕತ್ತರಿಸು ಅಂದಿದ್ರು. ಅವತ್ತೇ ಅಂದಿದ್ರು. ಚೆನ್ನಾಗಿತ್ತಲ್ಲ ದ್ಯಾವಣ್ಣ, ಅದಕ್ಕೆ ಕತ್ತರಿಸ್ಲಿಲ್ಲ. ಅಷ್ಟು ಚೆನ್ನಾಗಿತ್ತು."

"ಚೆನ್ನಾಗೇ ಇತ್ತು," ಅಂದ ದ್ಯಾವಪ್ಪ. ಅವನೂ ಅತ್ತ.

ಕೊನೆಗೆ ಸವರಿಯಪ್ಪ ಕತ್ತರಿ ಎತ್ತಿಕೊಂಡ. ಮಾಲೀಕರ ಅಪ್ಪಣೆಗೆ ಬಾಗದ ಕತ್ತರಿ ಈಗ ಬಾಗಿತು. ನನ್ನ ಕೊನೆಯಿಂದ ಮೂವತ್ತು ಅಡಿ, ಆ ಕೂಗಿದ್ದಷ್ಟು ಭಾಗ ಮಾತ್ರ ಕತ್ತರಿಸಿ, ಸುತ್ತಿ ದ್ಯಾವಪ್ಪನ ಕೈಗೆ ಕೊಟ್ಟ. ಬೇರೆ ಹನ್ನೆರಡು ಡಬ್ಬ ವಾಪಸು ಹೋದವು. ಹನ್ನೆರಡನೆಯದು ಮೆಷಿನ್ನಿನಲ್ಲಿ ಸುಟ್ಟುಹೋಯಿತು ಅಂತ ಕಾಗದ ಬರೆದ. ನನ್ನನ್ನು ಮನೆಗೆ ಒಯ್ದು ಅಟ್ಟದ ಮೇಲಿಟ್ಟ, ಮತ್ತೆ ಇಳಿಸಲಿಲ್ಲ.

ಅಟ್ಟದ ಮೇಲೆ ಐವತ್ತು ವರ್ಷ ಕಳೆದೆ. ಕೆಳಗಿನ ಮಾತು ಕೇಳಿಸುತ್ತಿತ್ತು. ಟಾಕೀಸು ಗೋಡೌನಾಯಿತು. ಗಣಿ ಮುಚ್ಚಿತು, ಕೂಗು ನಿಂತಿತು. ದ್ಯಾವಪ್ಪ ಎದೆಗೆ ಧೂಳು ತುಂಬಿ ಹೋದ. ನನಗೂ ಮುಪ್ಪು ಬಂತು. ಮೈ ಕುಗ್ಗಿತು, ಹುಳಿ ವಾಸನೆ ಹಿಡಿಯಿತು. ನಮ್ಮ ಜಾತಿಗೆ ಬರುವ ರೋಗವೇ ಅದು, ಹಿಡಿದರೆ ಬಿಡುವುದಿಲ್ಲ.

ಹಳೇ ಪಿಕ್ಚರುಗಳನ್ನು ಹುಡುಕಿ ಉಳಿಸುವ ಕೆಲಸದ ಸ್ಫೂರ್ತಿ ಅನ್ನುವ ಹೆಣ್ಣುಮಗಳು ಒಂದು ದಿನ ಬಂದಳು. ಸವರಿಯಪ್ಪ ಆಗ ಎಂಬತ್ತು ದಾಟಿದ ಮುದುಕ. ನನ್ನನ್ನು ಇಳಿಸಿ ಒರೆಸಿ ನೋಡಿ ಅವಳ ಕಣ್ಣು ಅರಳಿತು. "ತಾತ, ಪ್ರಪಂಚದಲ್ಲಿ ಎಲ್ಲ ಕಡೆ ಈ ರೀಲಿಗೆ ಕತ್ತರಿ ಹಾಕಿದಾರೆ. ಎಲ್ಲೂ ಮೂರು ನಿಮಿಷದ ಮೇಲೆ ಉಳಿದಿಲ್ಲ. ಇದೊಂದೇ ಪೂರ್ತಿ ಇರೋದು!" ಅಂದಳು. ಕೊನೆಗೆ ಬಂದು, "ಇಲ್ಲೇನೋ ಹೋಗಿದೆಯಲ್ಲ?" ಅಂದಳು.

ಸವರಿಯಪ್ಪ ಅವಳನ್ನು ಲಚ್ಚಮ್ಮನ ಮನೆಗೆ ಕರೆದುಕೊಂಡು ಹೋದ. ಡಬ್ಬದಲ್ಲಿ ನಾನೂ ಹೋದೆ. ಬಿಳಿ ಕೂದಲಿನ, ಬಾಗಿದ ಬೆನ್ನಿನ ಮುದುಕಿ ಎಲ್ಲ ಕೇಳಿಸಿಕೊಂಡು, ಟ್ರಂಕಿನಿಂದ ಒಂದು ಬುತ್ತಿ ಡಬ್ಬ ತೆಗೆದಳು. ತಮ್ಮನದು. ಒಳಗೆ ನನ್ನ ಮೂವತ್ತು ಅಡಿ ಹಾಗೇ ಇತ್ತು.

"ಒಲೆಗೆ ಹಾಕೋಕೆ ಅಂತ ತಂದಿದ್ರು ನಮ್ಮನೆಯವರು. ನಾನು ಕಿತ್ಕೊಂಡೆ," ಅಂದಳು. "ಈ ಕೂಗಿಂದ ನನ್ನ ತಮ್ಮ ಹೋದ. ಈ ಕೂಗಿಂದಲೇ ನನ್ನ ಗಂಡ ಉಳಿದ. ಬಯ್ಯೋಣ ಅಂದ್ರೆ ಬಾಯಿ ಬರಲ್ಲ, ಕೈ ಮುಗಿಯೋಣ ಅಂದ್ರೆ ಕೈ ಬರಲ್ಲ. ಐವತ್ತು ವರ್ಷದಿಂದ ಹಿಂಗೇ ಇಟ್ಕೊಂಡಿದೀನಿ. ಕೊಡ್ತೀನಮ್ಮ. ಆದ್ರೆ ಅವರು ನೋಡಿದ್ದು ಏನು ಅಂತ ನನಗೊಂದು ಸಲ ತೋರಿಸ್ಬೇಕು."

ಮೆಷಿನ್ನಿಗೆ ಏರಿಸಿದರೆ ನಾನು ತುಂಡಾಗಬಹುದು ಅಂದಳು ಸ್ಫೂರ್ತಿ. ಮುದುಕಿ ಜಗ್ಗಲಿಲ್ಲ. ಮೊದಲು ನನ್ನ ಒಂದೊಂದು ಚಿತ್ರವನ್ನೂ, ನನ್ನ ಅಂಚಿನ ಸದ್ದನ್ನೂ ಯಂತ್ರಕ್ಕೆ ತುಂಬಿಕೊಂಡು, ಆಮೇಲೆ ಸ್ಫೂರ್ತಿ ಒಪ್ಪಿದಳು. ಸವರಿಯಪ್ಪ ಆ ಮೂವತ್ತು ಅಡಿಯನ್ನು ನನಗೆ ಅಂಟಿಸಿದ. ಅವನು ಕತ್ತರಿಸಿದ್ದನ್ನು ಅವನೇ ಅಂಟಿಸಿದ.

ಈಗ ನಾನಿರುವುದು ಒಂದು ತಣ್ಣನೆ ಕೋಣೆಯಲ್ಲಿ, ಕಬ್ಬಿಣದ ಬೀರುವಿನಲ್ಲಿ. ಇನ್ನು ಯಾರೂ ನನ್ನನ್ನು ಓಡಿಸುವುದಿಲ್ಲ, ಮೈಯಲ್ಲಿ ಆ ಶಕ್ತಿಯಿಲ್ಲ. ದೂರದ ದೇಶಗಳಲ್ಲಿ, ಯಂತ್ರಕ್ಕೆ ತುಂಬಿಕೊಂಡ ನನ್ನ ನೆರಳನ್ನು ತೋರಿಸಿ, ಎಂಥಾ ನಿಧಾನ, ಎಂಥಾ ಚೆಂದ ಅನ್ನುತ್ತಾರಂತೆ. ಅನ್ನಲಿ. ಅದನ್ನು ಐವತ್ತು ವರ್ಷ ಮೊದಲೇ ಕಂಡವರು ಕೆಂಗುಂಟೆಯವರು, ಅದಕ್ಕೆ ಅವರು ತೆತ್ತದ್ದು ಯಾರಿಗೂ ಗೊತ್ತಿಲ್ಲ. ನನ್ನನ್ನು ಕತ್ತರಿಸಬೇಕಿತ್ತೇ, ಬೇಡವಾಗಿತ್ತೇ? ಕತ್ತಲಲ್ಲಿ ಕೂತು ಇದನ್ನೇ ಯೋಚಿಸುತ್ತೇನೆ, ಬಗೆಹರಿಯುವುದಿಲ್ಲ. ಹಾಗೆ ಬಗೆಹರಿಯದೆ ಇದ್ದಾಗ ಆ ಕೊನೆಯ ಆಟ ನೆನಪಾಗುತ್ತದೆ.

ಗೋಡೌನಿನ ಗೋಡೆಗೆ ಸುಣ್ಣ ಬಳಿದು ಪರದೆ ಮಾಡಿದ್ದರು. ಹಗಲು ಹೊತ್ತು, ಬಾಗಿಲು ಮುಚ್ಚಿ ಕತ್ತಲೆ ಮಾಡಿದ್ದರು. ಲಚ್ಚಮ್ಮ ಒಂದು ಕುರ್ಚಿಯಲ್ಲಿ ಕೂತು, ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆಸಿಕೊಂಡಳು. ನಾನು ಓಡಿದೆ. ಹಳೇ ಗಾಯಗಳೆಲ್ಲ ಕಿತ್ತುಬರುವಂತೆ ನೋವಾಯಿತು, ಹಲ್ಲು ಕಚ್ಚಿ ಓಡಿದೆ. ನಾಯಿ ಬಂತು, ಹೋಯಿತು.

"ಏನೂ ಆಗ್ತಿಲ್ವಲ್ಲ ಸವರಿಯಪ್ಪ," ಅಂದಳು ಲಚ್ಚಮ್ಮ.

"ಆಗ್ತಾ ಐತೆ ತಾಯಿ. ಆ ನೆರಳು ನೋಡ್ತಿರಿ."

ಅವಳು ನೋಡಿದಳು. ನೆರಳು ಬೀದಿ ದಾಟಿತು. ನಡುವೆ ಬಂದಾಗ ಸವರಿಯಪ್ಪ ಕಿವಿ ಹೊರಗಿಟ್ಟ, ನಾನೂ ಇಟ್ಟೆ. ಹೊರಗೆ ಯಾವ ಕೂಗೂ ಆಗಲಿಲ್ಲ. ನೆರಳು ಬೂಟಿನ ತುದಿ ಮುಟ್ಟಿತು. ನನ್ನ ಕೂಗಾಯಿತು, ಉದ್ದಕ್ಕೆ, ಒಂದೇ ಸಲ.

ಲಚ್ಚಮ್ಮ ಪಕ್ಕದ ಖಾಲಿ ಕುರ್ಚಿಯ ತೋಳಿನ ಮೇಲೆ ಕೈಯಿಟ್ಟಳು.

"ಏಳಿ," ಅಂದಳು. "ಕೂಗಾಯ್ತು."

ಗೋಡೆಯ ಮೇಲೆ ಆ ಮನುಷ್ಯ ಟೋಪಿ ಹಾಕಿಕೊಂಡು ಎದ್ದ.